ಕೀವುಹುಣ್ಣಿಗೆ ಟ್ಯೂಬ್ ಹಚ್ಚುವ ಮುಂಚೆ

ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ನಮ್ಮದೊಂದು ಪುಟ್ಟ ಮೆಡಿಕಲ್ ಇದೆ. ಜೂನ್ ಬಂತು ಅಂದರೆ ಕೌಂಟರ್ ಮುಂದೆ ಒಂದೇ ಮಾತು: "ಅಕ್ಕಾ, ಹುಣ್ಣಿಗೆ ಹಚ್ಚುವ ಟ್ಯೂಬ್ ಕೊಡಿ." ಅವರು ಕೇಳುವುದು ಆಂಟಿಬಯೋಟಿಕ್ ಮುಲಾಮು, ಅಂದರೆ ಬ್ಯಾಕ್ಟೀರಿಯಾ ಕೊಲ್ಲುವಂಥದ್ದು. ಯಾವ ಹುಣ್ಣು ಅಂತ ಕೇಳಿದರೆ ಕೆಲವರು ಪ್ಯಾಂಟ್ ಮಡಚಿ ಕಾಲು ತೋರಿಸುತ್ತಾರೆ, ಕೆಲವರು ಮೊಬೈಲಿನಲ್ಲಿ ಮಗುವಿನ ಫೋಟೊ ತೋರಿಸುತ್ತಾರೆ, ಇನ್ನು ಕೆಲವರಿಗೆ ಕೇಳಿದ್ದಕ್ಕೇ ಸಿಟ್ಟು. ಆದರೆ ಕೇಳಲೇಬೇಕು. ಎಷ್ಟೋ ಸಲ ಆ ಹುಣ್ಣಿಗೂ ಆ ಟ್ಯೂಬಿಗೂ ಸಂಬಂಧವೇ ಇರುವುದಿಲ್ಲ.

ಟ್ಯೂಬಿನಿಂದಲೇ ಗುಣವಾಗುವ ಹುಣ್ಣು ಹೀಗಿರುತ್ತದೆ. ಮಗುವಿನ ಮೂಗಿನ ಕೆಳಗೋ ತುಟಿ ಪಕ್ಕವೋ ಸಣ್ಣ ನೀರುಗುಳ್ಳೆ ಏಳುತ್ತದೆ, ಒಡೆಯುತ್ತದೆ, ಆಮೇಲೆ ಜೇನುತುಪ್ಪ ಮೆತ್ತಿ ಒಣಗಿಸಿದ ಹಾಗೆ ಹಳದಿ ಹಕ್ಕಳೆ ಕಟ್ಟುತ್ತದೆ. ಡಾಕ್ಟರು ಇದಕ್ಕೆ ಇಂಪೆಟೈಗೊ ಅನ್ನುತ್ತಾರೆ. ಸ್ಟ್ಯಾಫಿಲೊಕಾಕಸ್, ಸ್ಟ್ರೆಪ್ಟೊಕಾಕಸ್ ಅನ್ನುವ ಬ್ಯಾಕ್ಟೀರಿಯಾಗಳ ಕೆಲಸ. ಶೇವ್ ಮಾಡಿದ ಜಾಗದಲ್ಲಿ ಕೂದಲ ಬುಡಕ್ಕೊಂದು ಕೀವಿನ ಗುಳ್ಳೆ ಬಂದಿದ್ದರೆ, ಅಥವಾ ತರಚಿದ ಗಾಯ ಕೀವಾಗಿದ್ದರೆ, ಅದೂ ಸಾಮಾನ್ಯವಾಗಿ ಇದೇ ಜಾತಿ. ಹುಣ್ಣು ಎರಡು ಮೂರೇ ಇದ್ದು, ಜ್ವರ ಇಲ್ಲದಿದ್ದರೆ ಮುಲಾಮು ಸಾಕು. ನುಂಗುವ ಮಾತ್ರೆಗಿಂತ ಅದು ಕಮ್ಮಿ ಏನಲ್ಲ.

ಡಾಕ್ಟರು ಸಾಮಾನ್ಯವಾಗಿ ಬರೆಯುವುದು ಎರಡು: 2% ಮ್ಯುಪಿರೋಸಿನ್ ಅಥವಾ 2% ಫ್ಯುಸಿಡಿಕ್ ಆಸಿಡ್. ಟ್ಯೂಬಿನ ಮೇಲೆ ಉದ್ದಕ್ಕೊಂದು ಕೆಂಪು ಗೆರೆ ಇದ್ದರೆ ಚೀಟಿ ಇಲ್ಲದೆ ಕೊಳ್ಳಬಾರದು ಅಂತ ಅರ್ಥ. ಗೆರೆ ಇದ್ದೂ ಸುಮ್ನೆ ಕೊಡುವ ಅಂಗಡಿಗಳಿವೆ, ಗೊತ್ತು.

ಈಗ ಹಚ್ಚುವ ವಿಷಯ. ಇಲ್ಲೇ ಜನ ತಪ್ಪುವುದು. ಹಕ್ಕಳೆಯ ಮೇಲೆ ಮುಲಾಮು ಮೆತ್ತಿದರೆ ಅದು ಬ್ಯಾಕ್ಟೀರಿಯಾ ಇರುವ ಜಾಗ ಮುಟ್ಟುವುದೇ ಇಲ್ಲ. ಕೈ ತೊಳೆದುಕೊಳ್ಳಿ. ಉಗುರುಬೆಚ್ಚಗಿನ ನೀರಿನಲ್ಲಿ ಶುಭ್ರವಾದ ಹತ್ತಿ ಬಟ್ಟೆ ಅದ್ದಿ ಹಕ್ಕಳೆ ಮೇಲೆ ಐದಾರು ನಿಮಿಷ ಇಡಿ. ಮೆತ್ತಗಾದ ಮೇಲೆ ತಾನಾಗಿ ಬರುವಷ್ಟನ್ನು ಮಾತ್ರ ಒರೆಸಿ ತೆಗೆಯಿರಿ. ಅಂಟಿಕೊಂಡಿದ್ದನ್ನು ಕೀಳಬೇಡಿ, ರಕ್ತ ಬರುತ್ತದೆ, ಮಗು ಮುಂದಿನ ಸಲ ಹತ್ತಿರಕ್ಕೇ ಬರುವುದಿಲ್ಲ. ಒತ್ತಿ ಒಣಗಿಸಿ, ತೆಳ್ಳಗೆ ಹಚ್ಚಿ. ಒಂದು ಹುಣ್ಣಿಗೆ ಕಡಲೆಕಾಳಿನಷ್ಟೂ ಬೇಡ. ದೋಸೆಗೆ ಬೆಣ್ಣೆ ಹಾಕಿದ ಹಾಗೆ ದಪ್ಪ ಹಾಕಿದರೆ ಬೇಗ ವಾಸಿಯಾಗುವುದಿಲ್ಲ, ಟ್ಯೂಬ್ ಬೇಗ ಖಾಲಿಯಾಗುತ್ತದೆ ಅಷ್ಟೆ. ಆಮೇಲೆ ಮತ್ತೆ ಕೈ ತೊಳೆಯಿರಿ. ದಿನಕ್ಕೆ ಮೂರು ಸಲ, ಐದು ದಿನ ಅಂತ ಸಾಮಾನ್ಯವಾಗಿ ಬರೆದುಕೊಡುತ್ತಾರೆ. ಮೂರನೇ ದಿನಕ್ಕೆ ಒಣಗಿತು ಅಂತ ನಿಲ್ಲಿಸಬೇಡಿ. ಚೆನ್ನಾಗಿ ಕೆಲಸ ಮಾಡಿತು ಅಂತ ತಿಂಗಳುಗಟ್ಟಲೆ ಹಚ್ಚಲೂಬೇಡಿ, ಹಾಗೆ ಮಾಡಿದರೆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಕಣ್ಣಿನ ಹತ್ತಿರ ನೀವಾಗಿ ಹಚ್ಚಬೇಡಿ.

ಅಷ್ಟು ದಿನ ಮಗುವಿನ ಟವೆಲು, ದಿಂಬಿನ ಕವರು ಬೇರೆ ಇರಲಿ, ಉಗುರು ಕತ್ತರಿಸಿ, ಹುಣ್ಣು ಮುಚ್ಚಿಡಿ. ಮುಲಾಮು ಶುರು ಮಾಡಿ ಎರಡು ದಿನ ಕಳೆಯುವವರೆಗೆ ಶಾಲೆ ಬೇಡ. ಒಂದೇ ರೂಮಿನಲ್ಲಿ ಐದು ಜನ ಮಲಗುವ ಮನೆಯಲ್ಲಿ ಬೇರೆ ಟವೆಲು ಅನ್ನುವುದು ಹೇಳಿದಷ್ಟು ಸುಲಭವಲ್ಲ, ಆದರೂ ಅದೊಂದನ್ನು ಬಿಡಬೇಡಿ. ಡೆಟಾಲ್ ನೀರು ಬೆರೆಸದೆ ಸುರಿಯುವುದು, ಟೂತ್‌ಪೇಸ್ಟ್ ಹಚ್ಚುವುದು ದಯವಿಟ್ಟು ಬೇಡ.

ನನಗೆ ಜಾಸ್ತಿ ತಲೆಬಿಸಿ ಮಾಡುವುದು ಇನ್ನೊಂದು. ಪಕ್ಕದ ಹೋಟೆಲಿನ ಹುಡುಗ, ಕುಂದಾಪುರ ಕಡೆಯವನು, ಕಳೆದ ಆಗಸ್ಟಿನಲ್ಲಿ ತುದಿಯಿಂದ ಸುರುಳಿ ಸುತ್ತಿ ಹಿಂಡಿದ ಟ್ಯೂಬೊಂದನ್ನು ತಂದು ಕೌಂಟರ್ ಮೇಲಿಟ್ಟ. ಎಲ್ಲಿಂದಲೋ ತಂದದ್ದು. "ಹಚ್ಚಿದ್ರೆ ಎರಡೇ ದಿನಕ್ಕೆ ತುರಿಕೆ ನಿಲ್ತದೆ ಅಕ್ಕಾ, ಬಿಟ್ರೆ ಮತ್ತೆ ಬರ್ತದೆ." ತೊಡೆಸಂದಿಯಲ್ಲಿ ಶುರುವಾದದ್ದು ಹೊಟ್ಟೆಯವರೆಗೆ ಬಂದಿತ್ತು. ಅಂಚು ಕೆಂಪಗೆ ಉಬ್ಬಿದೆ, ನಡುವೆ ತಿಳಿಯಾಗಿದೆ, ಉಂಗುರದ ಮೇಲೆ ಉಂಗುರ. ಅದು ಗಜಕರ್ಣ, ಹುಳುಕಡ್ಡಿ ಅಂತೀವಲ್ಲ, ಅದು. ಫಂಗಸ್. ಆಂಟಿಬಯೋಟಿಕ್ ಅದಕ್ಕೆ ಏನೂ ಮಾಡುವುದಿಲ್ಲ. ಆ ಟ್ಯೂಬಿನಲ್ಲಿ ಆಂಟಿಬಯೋಟಿಕ್, ಫಂಗಸ್ ಔಷಧಿ, ಸ್ಟೀರಾಯ್ಡ್ ಮೂರೂ ಇದ್ದವು. ಸ್ಟೀರಾಯ್ಡ್ ತುರಿಕೆಯನ್ನು ಅಡಗಿಸಿತು, ಫಂಗಸ್ ಒಳಗೊಳಗೇ ಹರಡಿತು. ಚರ್ಮ ತೆಳ್ಳಗಾಗಿ ಗೀರು ಬೀಳುವುದೂ ಇದರಿಂದಲೇ. ಆದ್ದರಿಂದ ಟ್ಯೂಬ್ ತಿರುಗಿಸಿ ಸಣ್ಣಕ್ಷರ ಓದಿ. ಕ್ಲೊಬೆಟಸಾಲ್, ಬೀಟಾಮೆಥಸೋನ್, ಬೆಕ್ಲೊಮೆಥಸೋನ್, ಮೊಮೆಟಸೋನ್ ಅಂತ ಇದ್ದರೆ ಅದು ಸ್ಟೀರಾಯ್ಡ್. ಡಾಕ್ಟರು ಹೇಳದೆ ಮುಟ್ಟಬೇಡಿ. ಹುಡುಗ ಸಯನ್ ಆಸ್ಪತ್ರೆಯ ಚರ್ಮದ ಓಪಿಡಿಗೆ ಹೋದ. ಗುಣವಾಗಲು ಎರಡು ತಿಂಗಳು ಹಿಡಿಯಿತು.

ಕುರು ಬೇರೆಯೇ ಕಥೆ. ಒಳಗೆ ಕೀವು ತುಂಬಿ ಗಟ್ಟಿಯಾಗಿ ನೋಯುತ್ತಿದ್ದರೆ ಮೇಲೆ ಹಚ್ಚಿದ ಮುಲಾಮು ಅಲ್ಲಿಗೆ ಇಳಿಯುವುದಿಲ್ಲ. ಬಿಸಿನೀರಿನ ಬಟ್ಟೆಯ ಶಾಖ, ಹತ್ತು ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ. ತಾನಾಗಿ ಒಡೆಯದಿದ್ದರೆ ಡಾಕ್ಟರು ಕೊಯ್ದು ಕೀವು ತೆಗೆಯುತ್ತಾರೆ. ಹಿಂಡಬೇಡಿ, ಮೂಗು ಮತ್ತು ಮೇಲ್ತುಟಿಯ ಸುತ್ತ ಇರುವುದನ್ನಂತೂ ಮುಟ್ಟಲೇಬೇಡಿ.

ಮುಂಬೈ ಮಳೆಯವರಿಗೆ ಇನ್ನೊಂದು. ಕಾಲಿನಲ್ಲಿ ಗಾಯ ಇಟ್ಟುಕೊಂಡು ನಿಂತ ನೀರಿನಲ್ಲಿ ನಡೆದು ಬಂದು ಮುಲಾಮು ಹಚ್ಚಿ ಮಲಗಿದರೆ ಸಾಲದು, ಆ ಮುಲಾಮು ಲೆಪ್ಟೊಸ್ಪೈರೋಸಿಸ್ ಬರುವುದನ್ನು ತಡೆಯುವುದಿಲ್ಲ. ಇಲಿಯ ಮೂತ್ರ ಬೆರೆತ ನೀರಿನಿಂದ ಬರುವ ಕಾಯಿಲೆ ಅದು. 2005ರ ಜುಲೈ 26ರ ಪ್ರವಾಹದ ನಂತರ ಇಲ್ಲಿ ಎಷ್ಟು ಜನರಿಗೆ ಬಂತು ಅಂತ ಹಳಬರಿಗೆ ನೆನಪಿರಬಹುದು. ಕಾಲು ಸೋಪು ಹಾಕಿ ತೊಳೆದು, 24ರಿಂದ 72 ಗಂಟೆಯೊಳಗೆ ಡಾಕ್ಟರನ್ನು ಕಂಡು ಡಾಕ್ಸಿಸೈಕ್ಲಿನ್ ಅನ್ನುವ ನುಂಗುವ ಆಂಟಿಬಯೋಟಿಕ್ ಬೇಕೇ ಅಂತ ಕೇಳಿ. ಗರ್ಭಿಣಿಯರು, ಚಿಕ್ಕ ಮಕ್ಕಳ ವಿಷಯದಲ್ಲಿ ಅದನ್ನು ಡಾಕ್ಟರೇ ತೀರ್ಮಾನಿಸಬೇಕು.

ಯಾವಾಗ ಟ್ಯೂಬ್ ಬಿಟ್ಟು ಓಡಬೇಕು? ಹುಣ್ಣಿನ ಸುತ್ತ ಕೆಂಪಗಿರುವ ಅಂಚಿಗೆ ಬಾಲ್‌ಪೆನ್ನಿನಿಂದ ಗೆರೆ ಎಳೆಯಿರಿ. ಕೆಲವೇ ಗಂಟೆಗಳಲ್ಲಿ ಕೆಂಪು ಆ ಗೆರೆಯನ್ನು ದಾಟಿದರೆ, ಜ್ವರ ಬಂದರೆ, ಕೈಕಾಲಿನ ಮೇಲೆ ಕೆಂಪು ದಾರದ ಹಾಗೆ ಗೆರೆ ಹತ್ತಿದರೆ, ಕಾಣುವುದಕ್ಕಿಂತ ನೋವು ವಿಪರೀತ ಜಾಸ್ತಿ ಇದ್ದರೆ, ಹುಣ್ಣಾಗಿರುವುದು ತಿಂಗಳ ಕೂಸಿಗೋ ಶುಗರ್ ಇರುವವರಿಗೋ ಆಗಿದ್ದರೆ, ಅವತ್ತೇ ಹೋಗಿ. ಮಕ್ಕಳಿಗೆ ಹುಣ್ಣು ವಾಸಿಯಾಗಿ ಕೆಲವು ವಾರದ ಮೇಲೆ ಬೆಳಗ್ಗೆ ಮುಖ ಊದಿಕೊಂಡು, ಮೂತ್ರ ಕಡು ಚಹಾದ ಬಣ್ಣಕ್ಕೆ ಬಂದರೂ ಹಾಗೆಯೇ, ಸ್ಟ್ರೆಪ್ಟೊಕಾಕಸ್ ಕಿಡ್ನಿಗೂ ತೊಂದರೆ ಕೊಡಬಲ್ಲದು. ಮೂರು ದಿನ ಸರಿಯಾಗಿ ಹಚ್ಚಿದರೂ ಒಂದಿಷ್ಟೂ ಕಮ್ಮಿಯಾಗದಿದ್ದರೆ ಇನ್ನೊಂದು ಟ್ಯೂಬ್ ಕೇಳಿಕೊಂಡು ನಮ್ಮ ಹತ್ತಿರ ಬರಬೇಡಿ, ಡಾಕ್ಟರ ಹತ್ತಿರ ಹೋಗಿ.

ಹುಣ್ಣು ತಿಂಗಳು ತಿಂಗಳು ಮರಳಿ ಬರುತ್ತಿದ್ದರೆ ಒಮ್ಮೆ ಶುಗರ್ ಪರೀಕ್ಷೆ ಮಾಡಿಸಿ. ಮೂವರಲ್ಲಿ ಒಬ್ಬರ ಮೂಗಿನೊಳಗೆ ಸ್ಟ್ಯಾಫಿಲೊಕಾಕಸ್ ತಣ್ಣಗೆ ವಾಸವಾಗಿರುತ್ತದೆ, ಹಾಗಾಗಿ ಡಾಕ್ಟರು ಮನೆಯವರ ಮೂಗಿಗೂ ಐದು ದಿನ ಮ್ಯುಪಿರೋಸಿನ್ ಹಚ್ಚಲು ಹೇಳಿದರೆ ನಗಬೇಡಿ, ಹಚ್ಚಿ.