ಘಟ್ಟ ಹತ್ತುವ ಮೊದಲು: ಹೊಸ ಬೈಕ್ ಸವಾರರಿಗೆ ಬೇಕಾದ ತರಬೇತಿ

ಗೇರ್ ಇರುವ ಬೈಕಿನ ಕಲಿಕಾ ಪರವಾನಗಿ ಪಡೆಯಲು 18 ವರ್ಷ ತುಂಬಿರಬೇಕು. ಎಲ್ಲರೂ ಎಲ್‌ಎಲ್‌ಆರ್ ಎಂದು ಕರೆಯುವ ಈ ಪರವಾನಗಿ 6 ತಿಂಗಳು ಚಾಲ್ತಿಯಲ್ಲಿರುತ್ತದೆ. 30 ದಿನ ಕಳೆದ ಮೇಲೆ ಶಿವಮೊಗ್ಗದಲ್ಲೋ ಸಾಗರದಲ್ಲೋ ಇರುವ ಸಾರಿಗೆ ಕಚೇರಿಗೆ ಹೋಗಿ ಡಿಎಲ್ ಪರೀಕ್ಷೆ ಕೊಡಬಹುದು. ನಡುವಿನ ಆ ದಿನಗಳನ್ನು ಕಾನೂನು ಇಟ್ಟಿರುವುದು ಕಲಿಯಲಿ ಎಂದು, ಆದರೆ ಬಹಳ ಮಂದಿ ಅವನ್ನು ಸುಮ್ಮನೆ ಎಣಿಸಿ ಕಳೆಯುತ್ತಾರೆ. ಪರೀಕ್ಷೆಯಲ್ಲಿ ಎಂಟು ಹಾಕುವುದು ನಿಧಾನವೇಗದಲ್ಲಿ ಸಮತೋಲನ ಇದೆಯೇ ಎಂಬುದನ್ನು ಮಾತ್ರ ತೋರಿಸುತ್ತದೆ. ಮಂಡಗದ್ದೆಯ ದಾರಿಯಲ್ಲಿ ಎದುರಿಗೆ ಬಸ್ಸು ಬಂದಾಗ ಯಾವ ಬ್ರೇಕನ್ನು ಎಷ್ಟು ಒತ್ತಬೇಕು ಎಂಬುದನ್ನು ಅದು ಕೇಳುವುದೇ ಇಲ್ಲ.

ಮೊದಲನೆಯ ಕೆಲಸ ಕಲಿಸುವವರನ್ನು ಆರಿಸಿಕೊಳ್ಳುವುದು. ನಮ್ಮ ಕಡೆ ಡ್ರೈವಿಂಗ್ ಸ್ಕೂಲಿಗೆ ಜನ ಹೋಗುವುದು ಹೆಚ್ಚಾಗಿ ಕಾರು ಕಲಿಯಲು; ಬೈಕನ್ನು ಅಣ್ಣನಿಂದಲೋ ಗೆಳೆಯನಿಂದಲೋ ಸಂಜೆ ಹೊತ್ತಿನಲ್ಲಿ ಕಲಿಯುತ್ತಾರೆ. ದ್ವಿಚಕ್ರ ವಾಹನಕ್ಕೇ ಪಾಠ ಹೇಳುವ ಶಾಲೆ ಸಿಕ್ಕರೆ ಅಲ್ಲಿಗೇ ಸೇರುವುದು ಉತ್ತಮ. ಸಿಗದಿದ್ದರೆ ವೇಗದ ಹೆಗ್ಗಳಿಕೆ ಹೇಳಿಕೊಳ್ಳದ, ಹಲವು ಮಳೆಗಾಲ ಬೈಕ್ ಓಡಿಸಿರುವ ಪರವಾನಗಿದಾರರೊಬ್ಬರನ್ನು ಕೇಳಿಕೊಳ್ಳಬೇಕು. ಮುಂದೆಯೂ ಹಿಂದೆಯೂ ಬಿಳಿಯ ಮೇಲೆ ಕೆಂಪು ಬಣ್ಣದ ಎಲ್ ಅಕ್ಷರ ಇರಬೇಕು, ಮತ್ತು ಕಲಿಸುವವರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸಿಕೊಳ್ಳುವಂತಿಲ್ಲ. ವಯಸ್ಸಾಗದ ಮಗನ ಕೈಗೆ ಕೀಲಿ ಕೊಡುವ ಹಿರಿಯರು ಒಂದು ಮಾತು ತಿಳಿದಿರಬೇಕು: ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ಅಪ್ರಾಪ್ತರು ಅಪರಾಧ ಮಾಡಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ ಮತ್ತು 3 ವರ್ಷದವರೆಗೆ ಸೆರೆವಾಸ ವಿಧಿಸಲು ಅವಕಾಶವಿದೆ.

ಐಎಸ್‌ಐ ಗುರುತಿನ, ತಲೆಗೆ ಬಿಗಿಯಾಗಿ ಕೂರುವ, ಮುಖವನ್ನೂ ಮುಚ್ಚುವ ಹೆಲ್ಮೆಟ್ ಮೊದಲ ದಿನದಿಂದಲೇ ಬೇಕು. ಗದ್ದದ ಪಟ್ಟಿ ಹಾಕದ ಹೆಲ್ಮೆಟ್ ಬಿದ್ದಾಗ ತಲೆಯಲ್ಲಿ ಉಳಿಯುವುದಿಲ್ಲ. ಹವಾಯಿ ಚಪ್ಪಲಿಯಲ್ಲಿ ಕಲಿಯಬಾರದು. ಮಳೆಗಾಲದಲ್ಲಿ ಉಂಬಳದ (ಜಿಗಣೆಯ) ಕಾಟಕ್ಕಾದರೂ ನಾವು ಬೂಟು ಹಾಕಿಕೊಳ್ಳುತ್ತೇವೆ, ಅದೇ ಬೂಟು ಗೇರ್ ಹಾಕುವ ಪಾದಕ್ಕೂ ಆಗುತ್ತದೆ.

ಅಭ್ಯಾಸವನ್ನು ಊರಿನ ಶಾಲಾ ಮೈದಾನದಲ್ಲೋ ಜಾತ್ರೆಯಿಲ್ಲದ ದಿನದ ಜಾತ್ರೆ ಬಯಲಿನಲ್ಲೋ ಶುರು ಮಾಡಬೇಕು. ಕ್ಲಚ್ ಹಿಡಿತ ಸಿಗುವ ಬಿಂದುವನ್ನು ಎಡಗೈ ತಾನಾಗಿ ಗುರುತಿಸುವವರೆಗೆ ನಡಿಗೆಯ ವೇಗದಲ್ಲಿ ಹೋಗಿ ನಿಲ್ಲುವುದನ್ನು ಮಾಡಬೇಕು. ಆಮೇಲೆ ಬರುವುದು ಬ್ರೇಕು. ಈ ಅಭ್ಯಾಸವನ್ನು ಅರ್ಧಕ್ಕೆ ಬಿಟ್ಟವರೇ ಹೆಚ್ಚು, ಹಾಗಾಗಿ ಇದರ ಬಗ್ಗೆ ಸ್ವಲ್ಪ ದೀರ್ಘವಾಗಿ ಹೇಳುತ್ತೇನೆ. ಮುಂದಿನ ಬ್ರೇಕ್ ಹಿಡಿದರೆ ಪಲ್ಟಿಯಾಗುತ್ತದೆ ಎಂಬ ಭಯವನ್ನು ನಮ್ಮಲ್ಲಿ ಸೈಕಲ್ ಕಲಿಸುವಾಗಲೇ ತುಂಬಿರುತ್ತಾರೆ. ಆದರೆ ಬ್ರೇಕ್ ಹಾಕಿದಾಗ ಬೈಕಿನ ಭಾರ ಮುಂದಿನ ಚಕ್ರದ ಮೇಲೆ ಬೀಳುವುದರಿಂದ ಒಣ ರಸ್ತೆಯಲ್ಲಿ ನಿಲ್ಲಿಸುವ ಶಕ್ತಿಯ ದೊಡ್ಡ ಪಾಲು ಅಲ್ಲಿಂದಲೇ ಬರುತ್ತದೆ. ಹಗುರಾದ ಹಿಂದಿನ ಚಕ್ರವನ್ನು ಕಾಲಿನಿಂದ ಜೋರಾಗಿ ತುಳಿದರೆ ಅದು ಉರುಳುವುದನ್ನು ಬಿಟ್ಟು ಜಾರುತ್ತದೆ. ಆದ್ದರಿಂದ ಗಂಟೆಗೆ 20 ಕಿ.ಮೀ. ವೇಗದಲ್ಲಿ ನೇರ ಸಾಗುತ್ತ, ಎರಡೂ ಬ್ರೇಕುಗಳನ್ನು ಒಟ್ಟಿಗೆ, ಮುಂದಿನದನ್ನು ಒಮ್ಮೆಲೇ ಕಚ್ಚಿ ಹಿಡಿಯದೆ ಬಿಗಿಯನ್ನು ಹೆಚ್ಚಿಸುತ್ತ ಒತ್ತುವುದನ್ನು ಕಲಿಯಬೇಕು. ಕೈ ಪಳಗಿದಂತೆ ವೇಗವನ್ನು 30ಕ್ಕೆ, 40ಕ್ಕೆ ಏರಿಸಬೇಕು. ವೇಗ ಇಮ್ಮಡಿಯಾದರೆ ಬ್ರೇಕ್ ಹಿಡಿದ ಮೇಲೆ ಬೈಕ್ ಸಾಗುವ ದೂರ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ, ಬ್ರೇಕ್ ಹಾಕಬೇಕೆಂದು ಮನಸ್ಸು ಎಚ್ಚರಗೊಳ್ಳುವ ಒಂದು ಸೆಕೆಂಡಿನಲ್ಲೇ 16 ಮೀಟರಿಗಿಂತ ಹೆಚ್ಚು ದೂರ ಕಳೆದಿರುತ್ತದೆ. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಬೈಕುಗಳಿಗೆ ಎಬಿಎಸ್, ಅಂದರೆ ಬ್ರೇಕ್ ಹಿಡಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ವ್ಯವಸ್ಥೆ, ಕಡ್ಡಾಯವಾಗಿದೆಯಾದರೂ ಎಷ್ಟೋ ಬೈಕುಗಳಲ್ಲಿ ಅದು ಮುಂದಿನ ಚಕ್ರಕ್ಕೆ ಮಾತ್ರ ಇರುತ್ತದೆ. ಮನೆಯಲ್ಲಿರುವ ಹಳೆಯ ಬೈಕಿನಲ್ಲಿ ಅದೂ ಇರುವುದಿಲ್ಲ.

ಮೈದಾನದ ನಂತರ ಒಂದು ಏರು ದಾರಿ ಹುಡುಕಿ, ಹಿಂದಿನ ಬ್ರೇಕನ್ನು ತುಳಿದು ಹಿಡಿದು, ಕ್ಲಚ್ ಬಿಡುತ್ತ, ಹಿಂದಕ್ಕೆ ಜಾರದೆ ಹೊರಡುವುದನ್ನು ಅಭ್ಯಾಸ ಮಾಡಬೇಕು. ಮಲೆನಾಡಿನಲ್ಲಿ ಮನೆಯಿಂದ ಟಾರು ರಸ್ತೆಗೆ ಬರುವ ದಾರಿಯೇ ಸಾಮಾನ್ಯವಾಗಿ ಇಂಥದ್ದು.

ತಿರುವುಗಳ ಪಾಠವನ್ನು ಆಗುಂಬೆಯಲ್ಲಿ ಆರಂಭಿಸುವುದು ಬೇಡ. ಸೋಮೇಶ್ವರದ ಕಡೆಗೆ ಇಳಿಯುವ ಆ ಘಟ್ಟದಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಮೊದಲು ಹಗಲಿನಲ್ಲಿ, ಒಣ ರಸ್ತೆಯಲ್ಲಿ, ಶಿವಮೊಗ್ಗದಿಂದ ಗಾಜನೂರಿನವರೆಗೋ ಆಯನೂರಿನವರೆಗೋ ಹೋಗಿ ಬರುವ ಅಭ್ಯಾಸ ಸಾಕು. ತಿರುವಿಗೆ ಮುಂಚೆಯೇ ವೇಗ ಇಳಿಸಿ, ಗೇರ್ ಇಳಿಸಿ, ತಿರುವು ಮುಗಿಯುವ ಕಡೆಗೆ ದೃಷ್ಟಿ ನೆಟ್ಟರೆ ಬೈಕ್ ಅತ್ತಲೇ ಹೋಗುತ್ತದೆ. ಗುಂಡಿಯನ್ನೇ ನೋಡುತ್ತಿದ್ದರೆ ಗುಂಡಿಗೇ ಹೋಗುತ್ತದೆ. ಬಲ ತಿರುವಿನಲ್ಲಿ ಹೊಸಬರು ಗಮನಿಸದ ಅಪಾಯವೊಂದಿದೆ: ಚಕ್ರಗಳು ಎಡಭಾಗದಲ್ಲೇ ಇದ್ದರೂ ಬೈಕ್ ವಾಲಿದಾಗ ಸವಾರನ ತಲೆ ಮಧ್ಯದ ಗೆರೆಯನ್ನು ದಾಟಿ ಎದುರಿನ ಬಸ್ಸಿನ ಜಾಗಕ್ಕೆ ಚಾಚಿಕೊಂಡಿರುತ್ತದೆ. ಗೆರೆಯಿಂದ ದೂರ ಉಳಿಯಬೇಕು, ಮತ್ತು ಕಣ್ಣಿಗೆ ಕಾಣುವಷ್ಟು ದೂರದೊಳಗೆ ನಿಲ್ಲಿಸಬಲ್ಲಷ್ಟೇ ವೇಗ ಇರಬೇಕು.

ಘಟ್ಟ ಇಳಿಯುವಾಗ ಪೆಟ್ರೋಲ್ ಉಳಿಸಲೆಂದು ಎಂಜಿನ್ ಆರಿಸಿ ನ್ಯೂಟ್ರಲ್‌ನಲ್ಲಿ ಬಿಡುವ ಚಾಳಿ ನಮ್ಮಲ್ಲಿದೆ. ಹತ್ತುವಾಗ ಎರಡನೇ ಗೇರ್ ಬೇಕಾದ ಕಡೆ ಇಳಿಯುವಾಗಲೂ ಎರಡನೇ ಗೇರಿನಲ್ಲೇ ಇಳಿದರೆ ಎಂಜಿನ್ನೇ ವೇಗವನ್ನು ತಡೆಯುತ್ತದೆ, ಬ್ರೇಕ್ ಬಿಸಿಯಾಗುವುದಿಲ್ಲ. ರಸ್ತೆ ಇಕ್ಕಟ್ಟಾದಲ್ಲಿ ಹತ್ತಿ ಬರುವ ವಾಹನಕ್ಕೆ ಇಳಿಯುವವರು ದಾರಿ ಬಿಡಬೇಕೆಂಬುದು ನಿಯಮ.

ಮಳೆಯಲ್ಲಿ ಓಡಿಸುವುದನ್ನು ಬೇರೆಯೇ ಪಾಠವೆಂದು ಭಾವಿಸಿ ಮತ್ತೆ ಮೈದಾನಕ್ಕೆ ಹೋಗಬೇಕು. ಒದ್ದೆ ನೆಲದಲ್ಲಿ ಅದೇ ಬ್ರೇಕನ್ನು ಎಷ್ಟು ಮೆಲ್ಲಗೆ ಒತ್ತಬೇಕೆಂಬುದು ಅಲ್ಲೇ ಗೊತ್ತಾಗುತ್ತದೆ. ಮುಂಗಾರಿನ ಮೊದಲ ಮಳೆಗೆ ರಸ್ತೆಯ ಎಣ್ಣೆಯೂ ಧೂಳೂ ಕಲಸಿ ಜಿಡ್ಡಾಗುತ್ತದೆ. ಮರದ ನೆರಳಿನ ಅಂಚಿನಲ್ಲಿ ಪಾಚಿ ಕಟ್ಟುತ್ತದೆ. ಗದ್ದೆಯಿಂದ ಬಂದ ಟ್ರಾಕ್ಟರ್ ಕೆಸರು ಬಿಟ್ಟು ಹೋಗಿರುತ್ತದೆ. ಕೊಯ್ಲಿನ ನಂತರ ರಸ್ತೆ ಬದಿಗೆ ಸುರಿದ ಅಡಿಕೆ ಸಿಪ್ಪೆ ನೆನೆದರೆ ಅದರ ಮೇಲೆ ಟಯರ್ ನಿಲ್ಲುವುದಿಲ್ಲ, ಮತ್ತು ಸಿಪ್ಪೆ ಸುರಿಯುವವರಿಗೆ ಇದು ಯಾವಾಗ ಅರ್ಥವಾಗುವುದೋ ಕಾಣೆ. ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಬೆಳಕು ಕಣ್ಣಿಗೇ ತಿರುಗಿ ಹೊಡೆಯುವುದರಿಂದ ಲೋ ಬೀಮಿನಲ್ಲೇ ಹೋಗಬೇಕು. ದನವೊಂದು ದಾಟಿದರೆ ಹಿಂದೆ ಇನ್ನೊಂದಿದೆ ಎಂದೇ ತಿಳಿಯಬೇಕು. ಕಾಡುಕೋಣ ಕಂಡರೆ ದೂರದಲ್ಲೇ ನಿಲ್ಲಿಸಿ ಕಾಯಬೇಕು.

ಇಷ್ಟೆಲ್ಲ ಒಬ್ಬರೇ ಮಾಡಲು ಬಂದು, ಡಿಎಲ್ ಕೈಗೆ ಸಿಕ್ಕ ಮೇಲೆ ಹಿಂಬದಿ ಸವಾರರ ಸರದಿ. ಒಬ್ಬರಿಗಿಂತ ಹೆಚ್ಚು ಕೂರುವಂತಿಲ್ಲ, ಅವರಿಗೂ ಹೆಲ್ಮೆಟ್ ಬೇಕು, ಮತ್ತು ಹಿಂದೆ ಕೂತು ಕೊಡೆ ಬಿಚ್ಚುವ ನಮ್ಮೂರಿನ ರೂಢಿಯನ್ನು ಹೊರಡುವ ಮುಂಚೆಯೇ ಬೇಡವೆನ್ನಬೇಕು, ಏಕೆಂದರೆ ಗಾಳಿ ಕೊಡೆಯನ್ನು ಎಳೆದತ್ತ ಬೈಕೂ ವಾಲುತ್ತದೆ. ಹಿಂದೆ ಭಾರವಿದ್ದಾಗ ಬೈಕ್ ನಿಲ್ಲುವ ರೀತಿಯೂ ತಿರುಗುವ ರೀತಿಯೂ ಬದಲಾಗುವುದರಿಂದ, ಒಪ್ಪುವವರೊಬ್ಬರನ್ನು ಕೂರಿಸಿಕೊಂಡು ಬ್ರೇಕಿನ ಅಭ್ಯಾಸವನ್ನು ಅದೇ ಮೈದಾನದಲ್ಲಿ 20 ಕಿ.ಮೀ. ವೇಗದಿಂದ ಮತ್ತೆ ಮಾಡಬೇಕು.