ಎಲುಬು ನೋಡಿ ಊಟ ಗುರುತಿಸುವುದು: ಇರುವೆಬಾಕ ಮತ್ತು ಸ್ಲಾತ್

ಇರುವೆ-ಗೆದ್ದಲು ತಿನ್ನುವ ಇರುವೆಬಾಕ, ಮರದಲ್ಲಿ ಜೋತಾಡಿ ಎಲೆ ತಿನ್ನುವ ನಿಧಾನಗತಿಯ ಸ್ಲಾತ್: ಈ ಎರಡೂ ಪ್ರಾಣಿಗಳ ಅಸ್ಥಿಪಂಜರ ಎದುರಿಗಿದ್ದರೆ ಮೊದಲು ಕೆಳದವಡೆ ನೋಡಿ. ಕಣ್ಣಿಗೆ ಬೀಳುವುದು ಉಗುರೇ ಆದರೂ ಅಲ್ಲಿಂದ ಶುರು ಮಾಡಿದರೆ ಎರಡನ್ನೂ ಬೇಟೆಗಾರರೆಂದು ತಪ್ಪು ತಿಳಿಯುವ ಸಾಧ್ಯತೆ ಹೆಚ್ಚು.

ದೈತ್ಯ ಇರುವೆಬಾಕದ ಕೆಳದವಡೆಯೆಂದರೆ ತೆಳ್ಳಗಿನ ಎರಡು ಕಡ್ಡಿ, ಅಷ್ಟೇ. ಹಲ್ಲು ಒಂದೂ ಇರುವುದಿಲ್ಲ. ದವಡೆಯಂಚಿನ ಮೇಲೆ ಬೆರಳಾಡಿಸಿ: ಹಲ್ಲು ಕೂರುವ ಗುಳಿ ಸಿಕ್ಕರೆ ಅದು ಹಲ್ಲುದುರಿದ ಬೇರೆ ಯಾವುದೋ ಪ್ರಾಣಿ. ಬಾಯಿ ತೆರೆಯುವಾಗ ದವಡೆಯ ಎರಡು ಭಾಗಗಳೂ ನಿಂತಲ್ಲೇ ಹೊರಳುತ್ತವೆ. ನಾಲಿಗೆ ಒಳಗೆ-ಹೊರಗೆ ಓಡಾಡಲು ಅಷ್ಟು ಜಾಗ ಸಾಕು. ಜೊಲ್ಲಿನಿಂದ ಅಂಟಂಟಾದ ಆ ನಾಲಿಗೆ ಸುಮಾರು 60 ಸೆಂ.ಮೀ. ಚಾಚುತ್ತದೆ, ನಿಮಿಷಕ್ಕೆ 150 ಸಲದವರೆಗೆ ಆಡುತ್ತದೆ. ಅದನ್ನು ಹಿಂದಕ್ಕೆಳೆಯುವ ಸ್ನಾಯುವಿನ ಬುಡ ಇರುವುದು ಗಂಟಲಲ್ಲಲ್ಲ, ಎದೆಮೂಳೆಯಲ್ಲಿ. ಅರೆಯುವ ಕೆಲಸ ಜಠರದ ದಪ್ಪ ಸ್ನಾಯುವಿನದು.

ಈಗ ಮುಂಗಾಲು. ಮೊಣಕೈಯ ಹಿಂದೆ ಚಾಚಿದ ಮೂಳೆ ಇರುವೆಬಾಕದಲ್ಲಿ ದೊಡ್ಡದು, ದಪ್ಪ. ಗೆದ್ದಲಿನ ಗಟ್ಟಿ ಹುತ್ತ ಬಗೆಯುವ ಬಲ ಅಲ್ಲಿಂದ ಬರುತ್ತದೆ. ಬದುಕಿರುವ ಪ್ರಾಣಿಯಾದರೆ ಒಂದು ಗೂಡಿನಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆಂದು ಗಮನಿಸಿ. ಸಾಮಾನ್ಯವಾಗಿ ಒಂದು ನಿಮಿಷದ ಆಸುಪಾಸು. ಸೈನಿಕ ಹುಳುಗಳು ಮುತ್ತುವ ಮೊದಲೇ ಮುಂದಿನ ಗೂಡಿಗೆ ಹೋಗುತ್ತದೆ. ಹೀಗೆ ತಿರುಗಿ ದಿನಕ್ಕೆ 30,000ದವರೆಗೆ ಹುಳು ತಿಂದರೂ ಸಿಗುವ ಶಕ್ತಿ ಕಡಿಮೆ, ಅದಕ್ಕೇ ಮೈಬಿಸಿ ಸುಮಾರು 33 ಡಿಗ್ರಿ ಸೆಲ್ಸಿಯಸ್ ಮಾತ್ರ.

ಸ್ಲಾತ್‌ನ ಬುರುಡೆ ಗಿಡ್ಡ, ದುಂಡಗೆ. ಹಲ್ಲು ಎಣಿಸಿ: ಮೇಲೆ ಒಂದೊಂದು ಬದಿಗೆ 5, ಕೆಳಗೆ 4, ಒಟ್ಟು 18. ಮುಂಭಾಗದ ಬಾಚಿಹಲ್ಲು ಇಲ್ಲ, ಎಲೆ ಕೀಳುವುದು ಗಟ್ಟಿ ತುಟಿಯಿಂದ. ಎರಡು ಬೆರಳಿನ ಸ್ಲಾತ್‌ನಲ್ಲಿ ಮೊದಲ ಹಲ್ಲು ಚೂಪಾಗಿ ಕೋರೆಯಂತೆ ಕಾಣುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ದವಡೆ ಮುಚ್ಚಿ ನೋಡಿ: ನಿಜವಾದ ಕೋರೆಯಲ್ಲಿ ಮೇಲಿನದು ಕೆಳಗಿನದರ ಹಿಂದೆ ಬೀಳುತ್ತದೆ, ಸ್ಲಾತ್‌ನಲ್ಲಿ ಮುಂದೆ.

ಸ್ಲಾತ್‌ನ ಹಲ್ಲಿಗೆ ಎನಾಮಲ್ (ಹೊರಗಿನ ಗಟ್ಟಿ ಹೊದಿಕೆ) ಇಲ್ಲದಿರುವುದನ್ನು ಎಲೆಯೂಟದ ಗುರುತೆಂದು ಬರೆದುಕೊಳ್ಳಬೇಡಿ. ಮೈಗೆ ಚಿಪ್ಪಿರುವ, ಹುಳು ತಿನ್ನುವ ಆರ್ಮಡಿಲ್ಲೊಗೂ ಅದಿಲ್ಲ. ಅದು ಇವೆರಡೂ ಸೇರಿರುವ ವಂಶದ ಗುಣ. ಹಲ್ಲು ಜೀವನಪೂರ್ತಿ ಬೆಳೆಯುವುದರಿಂದ ಸವಕಳಿ ನೋಡಿ ವಯಸ್ಸು ಹೇಳುವುದೂ ಸರಿಯಲ್ಲ.

ಸ್ಲಾತ್‌ನ ಮೊಣಕೈ ಚಾಚು ಚಿಕ್ಕದು, ಕೈ ನೀಳ, ಉಗುರು ಕೊಕ್ಕೆ. ಜೋತಾಡಲು ಸರಿ, ಅಗೆಯಲು ಅಲ್ಲ. ಎಲೆಯೂಟದ ನಿಜವಾದ ಗುಟ್ಟು ಎಲುಬಿನಲ್ಲಿ ಉಳಿಯದ ಹೊಟ್ಟೆಯಲ್ಲಿದೆ: ಹಲವು ಕೋಣೆಗಳ ಜಠರ, ಅದರೊಳಗೆ ನಾರು ಕೊಳೆಸುವ ಸೂಕ್ಷ್ಮಜೀವಿಗಳು. ಜಠರದ ಸರಕೇ ದೇಹತೂಕದ ಮೂರನೇ ಒಂದು ಭಾಗದವರೆಗೆ ತೂಗಬಹುದು, ತಿಂದ ಎಲೆ ಹೊರಬೀಳಲು ವಾರಗಳೇ ಬೇಕು. ನಿಧಾನ ನಡೆಯನ್ನು ಸೋಮಾರಿತನ ಎನ್ನುವವರು ಈ ಲೆಕ್ಕ ನೋಡಿಲ್ಲ.

ದವಡೆ ಹೇಳುವುದಕ್ಕೂ ಮೊಣಕೈ ಹೇಳುವುದಕ್ಕೂ ತಾಳೆಯಾಗದಿದ್ದರೆ, ಎರಡು ಪ್ರಾಣಿಗಳ ಎಲುಬು ಬೆರೆತಿದೆಯೇ ಎಂದು ಮೊದಲು ನೋಡಿ.