ಜಿ.ಐ. ಜೋ ಸೊಂಟ ಕಳಚಿದಾಗ ನಾನು ಮಾಡುವುದು

ತೊಂಬತ್ತರ ದಶಕದಲ್ಲಿ ಇಲ್ಲಿ ಬೆಳೆದವರಿಗೆ ಫನ್‌ಸ್ಕೂಲ್ ಕಂಪನಿ ಮಾರುತ್ತಿದ್ದ ಜಿ.ಐ. ಜೋ ಸೈನಿಕ ಗೊಂಬೆಗಳ ನೆನಪು ಇದ್ದೇ ಇರುತ್ತದೆ. ಅಮೆರಿಕದ ಹ್ಯಾಸ್‌ಬ್ರೋ ಕಂಪನಿ 1982ರಲ್ಲಿ ಮೂರೂ ಮುಕ್ಕಾಲು ಇಂಚಿನ ಅಳತೆಯಲ್ಲಿ ಇವನ್ನು ಹೊಸದಾಗಿ ತಂದಿತು. ಈಗ ಅಟ್ಟದ ಡಬ್ಬ ತೆಗೆದು ನೋಡಿದರೆ ಹೆಚ್ಚಿನವು ಒಂದೇ ಗತಿಯಲ್ಲಿ ಸಿಗುತ್ತವೆ. ಎದೆ ಒಂದು ಕಡೆ, ಕಾಲುಗಳು ಇನ್ನೊಂದು ಕಡೆ. ಮುರಿದುಹೋಯಿತು ಅಂತ ಬಿಸಾಡಬೇಡಿ. ಬಹಳ ಸಲ ಮುರಿದಿರುವುದೇ ಇಲ್ಲ, ಒಳಗಿನ ರಬ್ಬರ್ ಉಂಗುರ ಹರಿದಿರುತ್ತದೆ, ಅಷ್ಟೇ.

ಈ ಗೊಂಬೆಯ ಇಡೀ ಮೈ ನಿಂತಿರುವುದು ಆ ಒಂದು ಉಂಗುರದ, ಅಂದರೆ ಓ-ರಿಂಗ್‌ನ ಮೇಲೆ. ಎರಡು ಕಾಲಿನ ನಡುವೆ ಲೋಹದ ಚಿಕ್ಕ ಕೊಕ್ಕೆ ಇದೆ. ಉಂಗುರ ಆ ಕೊಕ್ಕೆಗೆ ಸಿಕ್ಕಿಕೊಂಡು, ಸೊಂಟದ ತೂತಿನ ಮೂಲಕ ಮೇಲೆ ಬಂದು, ಎದೆಯೊಳಗೆ ಸ್ಕ್ರೂ ಕೂರುವ ಕಂಬಕ್ಕೆ ಬಿದ್ದಿರುತ್ತದೆ. ಆ ಎಳೆತದಿಂದಲೇ ಕಾಲು ಮಡಚುತ್ತದೆ, ಸೊಂಟ ತಿರುಗುತ್ತದೆ. ರಬ್ಬರ್ ಅಲ್ವಾ, ಗಾಳಿಗೂ ಬಿಸಿಗೂ ವರ್ಷ ಕಳೆದಂತೆ ಗಡುಸಾಗಿ, ಬಿರುಕು ಬಿಟ್ಟು ಒಂದು ದಿನ ತುಂಡಾಗುತ್ತದೆ.

ಬದಲಿ ಉಂಗುರಕ್ಕೆ ಆಟಿಕೆ ಅಂಗಡಿ ಹುಡುಕಬೇಕಿಲ್ಲ. ಒಳ ಅಳತೆ ಸುಮಾರು ಅರ್ಧ ಇಂಚು, ದಪ್ಪ ಸುಮಾರು 1/16 ಇಂಚು ಇದ್ದರೆ ಸಾಕು. ನಲ್ಲಿಗೆ ಹಾಕುವ ಉಂಗುರಗಳಲ್ಲೂ ಈ ಅಳತೆ ಇರುತ್ತದೆ. ನಾನು ಬೆಂಗಳೂರಿನ ಜೆ.ಸಿ. ರಸ್ತೆಯ ಗಾಡಿ ಬಿಡಿಭಾಗಗಳ ಅಂಗಡಿಯಲ್ಲಿ ಹಳೇ ತುಂಡನ್ನೇ ತೋರಿಸಿ ತಂದೆ. ಅಂಗಡಿಯವರು "ಯಾವ ಗಾಡಿಗೆ ಸಾರ್?" ಅಂದರು. ಸುಮ್ನೆ ನಕ್ಕೆ. ಕಪ್ಪು ನೈಟ್ರೈಲ್ ರಬ್ಬರ್ ಉಂಗುರ ಅಗ್ಗ. ಸಿಲಿಕಾನ್‌ನದು ಬಿಸಿಗೆ ಜಾಸ್ತಿ ದಿನ ತಾಳುತ್ತದೆ, ಆದರೆ ಚೂಪಾದ ಅಂಚು ತಾಗಿದರೆ ಬೇಗ ಹರಿಯುತ್ತದೆ. ಕೊಕ್ಕೆಯ ಅಂಚು ಒರಟಾಗಿದ್ದರೆ ನಾನು ನೈಟ್ರೈಲೇ ಹಾಕುತ್ತೇನೆ. ದಪ್ಪ ಉಂಗುರ ಗಟ್ಟಿ ಅಂತ ಆಸೆಪಡಬೇಡಿ. ಎಳೆತ ಹೆಚ್ಚಾದರೆ ತೊಡೆಗಳ ನಡುವಿನ ತೆಳ್ಳನೆಯ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಭಾರ ಬೀಳುತ್ತದೆ, ಮತ್ತೆ ನಿಜವಾಗಿಯೂ ಮುರಿಯುತ್ತದೆ.

ಬೆನ್ನಿನಲ್ಲಿ ಒಂದೇ ಒಂದು ಸ್ಟಾರ್ ಸ್ಕ್ರೂ. ತಲೆಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಇಲ್ಲದಿದ್ದರೆ ಕೈ ಹಾಕಲೇಬೇಡಿ, ತಲೆ ಸವೆದರೆ ಕಥೆ ಮುಗಿಯಿತು. ಕರಾವಳಿಯಿಂದ ಬಂದ ಗೊಂಬೆಗಳಲ್ಲಿ ಸ್ಕ್ರೂ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ಆಗ ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್‌ನ ಬಿಸಿ ತುದಿಯನ್ನು ಸ್ಕ್ರೂ ತಲೆಗೆ ಕೆಲವೇ ಕ್ಷಣ ತಾಗಿಸಿ ತೆಗೆಯುತ್ತೇನೆ. ಸುತ್ತಲಿನ ಪ್ಲಾಸ್ಟಿಕ್ ಒಂಚೂರು ಸಡಿಲವಾಗಿ ಸ್ಕ್ರೂ ಅಲ್ಲಾಡುತ್ತದೆ. ಜಾಸ್ತಿ ಹೊತ್ತು ಇಟ್ಟರೆ ಬೆನ್ನೇ ಕರಗುತ್ತದೆ, ಎಚ್ಚರ.

ಬಿಚ್ಚಿದ ಮೇಲೆ ಕೈಗಳು ತಾವೇ ಕಳಚಿ ಬೀಳುತ್ತವೆ. ಎಡಗೈ ಯಾವುದು, ಬಲಗೈ ಯಾವುದು ಅಂತ ಗೊಂದಲ ಬೇಡ, ಮೊದಲೇ ಫೋಟೋ ತೆಗೆದಿಡಿ. ಉಂಗುರವನ್ನು ಕೊಕ್ಕೆಗೆ ಹಾಕಿ, ಅದಕ್ಕೊಂದು ಹೊಲಿಗೆ ದಾರ ಪೋಣಿಸಿ, ದಾರವನ್ನು ಸೊಂಟದ ತೂತಿನಲ್ಲಿ ಮೇಲಕ್ಕೆ ಎಳೆಯುತ್ತೇನೆ. ಚಿಮಟದಲ್ಲಿ ಎಳೆದರೆ ಹೊಸ ಉಂಗುರಕ್ಕೇ ಗಾಯ. ಕಂಬಕ್ಕೆ ಸಿಕ್ಕಿಸಿ, ತಲೆ, ಕೈಗಳನ್ನು ಅವುಗಳ ಜಾಗದಲ್ಲಿ ಕೂರಿಸಿ, ಎದೆಯ ಎರಡು ಹೋಳು ಮುಚ್ಚುವುದು. ಇಲ್ಲಿ ಮೂರನೇ ಕೈ ಬೇಕು ಅನಿಸುವುದು ಸಹಜ. ಸ್ಕ್ರೂ ಹಾಕುವಾಗ ಮೊದಲು ಉಲ್ಟಾ ತಿರುಗಿಸಿ. ತೂತಿನೊಳಗಿನ ಹಳೇ ಸುರುಳಿ ಗೆರೆಗೆ ಸ್ಕ್ರೂ ಬಿದ್ದಾಗ "ಟಿಕ್" ಅಂತ ಸಣ್ಣಗೆ ಇಳಿಯುತ್ತದೆ. ಅಲ್ಲಿಂದ ಸರಿ ದಿಕ್ಕಿಗೆ ತಿರುಗಿಸಿದರೆ ಸ್ಕ್ರೂ ಹೊಸ ದಾರಿ ಕೊರೆಯುವುದಿಲ್ಲ, ತೂತು ಸವೆಯುವುದಿಲ್ಲ. ಹೋಳುಗಳ ನಡುವಿನ ಸಂದು ಮುಚ್ಚಿದ ಕೂಡಲೇ ನಿಲ್ಲಿಸಿ.

ನಿಜವಾದ ಮುರಿತ ಇದ್ದರೆ ಕೆಲಸ ಬೇರೆ. ಎಲ್ಲರೂ ಮೊದಲು ಫೆವಿಕ್ವಿಕ್ ಎತ್ತಿಕೊಳ್ಳುತ್ತಾರೆ. ಅಲ್ಲಾಡದ ಜಾಗಕ್ಕೆ ಅದು ಪರವಾಗಿಲ್ಲ. ಅಲ್ಲಾಡುವ ಕೀಲುಗಳಿಗೆ ಬೇಡ. ಒಣಗಿದ ಮೇಲೆ ಅದು ಗಾಜಿನ ಹಾಗೆ ಗಡುಸು, ಪಕ್ಕಕ್ಕೆ ತಿರುಚಿದರೆ ಚಟ್ ಅಂತ ಬಿಡುತ್ತದೆ. ಮೇಲಾಗಿ ಅದರ ಆವಿ ಸುತ್ತಲೂ ಬಿಳಿ ಮಂಜು ಕೂರಿಸುತ್ತದೆ. ಸ್ನೇಕ್ ಐಸ್ ಎಂಬ ಕಪ್ಪು ಬಟ್ಟೆಯ ಗೊಂಬೆಯ ಮೇಲೆ ಅದು ಎದ್ದು ಕಾಣುತ್ತದೆ.

ಮೊದಲು ಪ್ಲಾಸ್ಟಿಕ್ ಯಾವುದು ಅಂತ ತಿಳಿಯಬೇಕು. ಎದೆಯ ಒಳಭಾಗದಲ್ಲಿ, ಯಾರಿಗೂ ಕಾಣದ ಕಡೆ, ಕಿವಿಗೆ ಹಾಕುವ ಹತ್ತಿಕಡ್ಡಿಯಿಂದ ಒಂದು ಚೂರು ಅಸಿಟೋನ್ ದ್ರಾವಕ ತಾಗಿಸಿ. ಅಂಟಂಟಾದರೆ ಎ.ಬಿ.ಎಸ್. ಪ್ಲಾಸ್ಟಿಕ್ ಇರಬಹುದು, ಅದು ಕರಗಿ ಕೂಡಿಕೊಳ್ಳುತ್ತದೆ. ಏನೂ ಆಗದಿದ್ದರೆ ನೈಲಾನೋ ಪಾಲಿಪ್ರೊಪಿಲೀನೋ ಇರಬೇಕು, ಅದಕ್ಕೆ ಅಂಟು ಹಿಡಿಯುವುದು ಕಷ್ಟ. ಮೊಣಕೈಯ ರಿವೆಟ್ ಸುತ್ತ ಕೂದಲೆಳೆಯಷ್ಟು ಸೀಳಿದ್ದರೆ ಆ ಸೀಳಿಗೆ ಸಣ್ಣ ಬ್ರಷ್‌ನಲ್ಲಿ ಅಸಿಟೋನ್ ಬಿಟ್ಟು, ಬಟ್ಟೆಯ ಕ್ಲಿಪ್ ಹಾಕಿ ಒಂದು ರಾತ್ರಿ ಬಿಡುತ್ತೇನೆ. ಹನಿ ಬಣ್ಣದ ಮೇಲೆ ಬಿದ್ದರೆ ಬಣ್ಣ ಹೋಯಿತು ಅಂತಲೇ ಲೆಕ್ಕ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ.

ಪೂರ್ತಿ ತುಂಡಾದರೆ ಒಳಗೆ ತಂತಿ ಹಾಕದೆ ಬೇರೆ ದಾರಿಯಿಲ್ಲ. 1983ರಿಂದ ಈ ಗೊಂಬೆಗಳ ತೋಳು ಮೊಣಕೈ ಮೇಲೆ ತಿರುಗುವ ಹಾಗೆ ಬಂತು. ಆ ತಿರುಗುವ ಗೂಟ ಮುರಿದು ಮುಂಗೈ ಕಳಚಿ ಬಂದದ್ದನ್ನು ಜಾಸ್ತಿ ರಿಪೇರಿ ಮಾಡಿದ್ದೇನೆ. ಸರ್ಕ್ಯೂಟ್ ಬೋರ್ಡ್ ಕೊರೆಯುವ 0.8 ಮಿ.ಮೀ. ಡ್ರಿಲ್ ಬಿಟ್ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ. ಕೈಯಲ್ಲೇ ತಿರುಗಿಸುವ ಪುಟ್ಟ ಹಿಡಿಗೆ ಸಿಕ್ಕಿಸಿ ಕೊರೆಯಬೇಕು, ಮೋಟಾರ್ ಹಾಕಿದರೆ ಪ್ಲಾಸ್ಟಿಕ್ ಕರಗುತ್ತದೆ. ಎರಡೂ ಮುಖಗಳ ತೂತು ಎದುರುಬದುರು ಬರಬೇಕಲ್ಲ? ಒಂದು ಮುಖದ ನಡುವೆ ಹಸಿ ಬಣ್ಣದ ಚುಕ್ಕಿ ಇಟ್ಟು, ಇನ್ನೊಂದನ್ನು ಒತ್ತಿ ತೆಗೆದರೆ ಗುರುತು ಬೀಳುತ್ತದೆ. ಹಳೇ ಗಿಟಾರ್ ತಂತಿಯ ತುಂಡನ್ನು ಎಮರಿ ಪೇಪರ್‌ನಲ್ಲಿ ಒರಟು ಮಾಡಿ, ನಿಧಾನವಾಗಿ ಗಟ್ಟಿಯಾಗುವ ಅರಾಲ್ಡೈಟ್ ಹಚ್ಚಿ ಕೂರಿಸುತ್ತೇನೆ. ಐದು ನಿಮಿಷದಲ್ಲಿ ಹಿಡಿಯುವ ಬಗೆ ನನಗೆ ಹಿಡಿಸಿಲ್ಲ, ಅದು ಅಷ್ಟು ಗಟ್ಟಿಯಲ್ಲ. ಅಂಟು ಗೂಟದ ಆಚೆ ಹರಿದು ತೋಳಿನ ಗೋಡೆಗೆ ತಾಗಿದರೆ ಕೀಲು ಶಾಶ್ವತವಾಗಿ ಹಿಡಿದುಕೊಳ್ಳುತ್ತದೆ. ಅದಕ್ಕೆ ಮೊದಲೇ ಆ ಗೋಡೆಗೆ ಹಲ್ಲುಕಡ್ಡಿಯಲ್ಲಿ ವ್ಯಾಸಲೀನ್ ಸವರುತ್ತೇನೆ. ಮುರಿದ ಮುಖಗಳಿಗೆ ಮಾತ್ರ ತಾಗಬಾರದು.

ಹೆಬ್ಬೆರಳು ಮುರಿಯುವುದು ಬಂದೂಕು ಬಲವಂತವಾಗಿ ತುರುಕಿದ್ದಕ್ಕೆ. ಬಂದೂಕಿನ ಹಿಡಿಯನ್ನು ಬಿಸಿನೀರಿನಲ್ಲಿ ಅದ್ದಿ ಮೆತ್ತಗಾದ ಮೇಲೆ ಕೊಟ್ಟರೆ ಬೆರಳು ಉಳಿಯುತ್ತದೆ. ಕಳೆದುಹೋದ ಬೆರಳನ್ನು ಎಂ-ಸೀಲ್‌ನಿಂದ ಮಾಡಿದ್ದೂ ಇದೆ. ಶೋಕೇಸಿಗೆ ಸಾಕು, ಆಟಕ್ಕೆ ಸಾಲದು.

ಸಡಿಲವಾದ ಕೀಲಿಗೆ ಬಣ್ಣವಿಲ್ಲದ ನೇಲ್ ಪಾಲಿಶ್ ತೆಳ್ಳಗೆ ಹಚ್ಚಿ, ಪೂರ್ತಿ ಒಣಗಿದ ಮೇಲೆ ಜೋಡಿಸಿದರೆ ಬಿಗಿ ಬರುತ್ತದೆ. ಬಿಗಿಯಾಗಿ ಕಚ್ಚಿಕೊಂಡ ಕೀಲಿಗೆ ಟ್ರೆಡ್‌ಮಿಲ್‌ಗೆ ಹಾಕುವ ಸಿಲಿಕಾನ್ ಎಣ್ಣೆ ಒಂದು ಹನಿ. ಅಂಟು ಹಾಕುವ ಕೆಲಸವೆಲ್ಲ ಮುಗಿದ ಮೇಲೆ ಮಾತ್ರ ಆ ಬಾಟಲಿ ಮೇಜಿಗೆ ಬರಲಿ. ಅದು ತಾಗಿದ ಕಡೆ ಅಂಟು, ಬಣ್ಣ ಎರಡೂ ಕೂರುವುದಿಲ್ಲ.

ತೊಡೆಗಳ ನಡುವಿನ ಪಟ್ಟಿ ಮುರಿದದ್ದಕ್ಕೆ ಮಾತ್ರ ನಾನು ಕೈ ಹಾಕುವುದಿಲ್ಲ. ಅಷ್ಟು ತೆಳ್ಳಗಿನ ಕಡೆ ತಂತಿ ಹಿಡಿಯುವುದಿಲ್ಲ, ಎಳೆತವೂ ಬಿಡುವುದಿಲ್ಲ. ಬಣ್ಣ ಹೋದ, ತಲೆ ಇಲ್ಲದ ಗೊಂಬೆಗಳನ್ನು ಕಡಿಮೆ ಬೆಲೆಗೆ ತಂದಿಟ್ಟಿರುತ್ತೇನೆ, ಅವುಗಳ ಸೊಂಟ ತೆಗೆದು ಹಾಕುತ್ತೇನೆ. ಬೇರೆಯವರಿಗೆ ಕೊಡುವಾಗ ಯಾವ ಭಾಗ ಬದಲಾಗಿದೆ, ಎಲ್ಲಿ ತಂತಿ ಇದೆ ಅಂತ ಹೇಳಿಯೇ ಕೊಡುತ್ತೇನೆ. ಹೊಸ ಓ-ರಿಂಗ್‌ಗೆ ಯಾವ ಸಂಗ್ರಾಹಕರೂ ಬೇಜಾರಾಗುವುದಿಲ್ಲ. ಅಂಟು ಹಾಕಿದ ಕೈಗೆ ಬೆಲೆ ಇಳಿಸುತ್ತಾರೆ, ಅದು ನ್ಯಾಯವೇ.